ಆರಿಸಿ ಬಿಸಾಡಿದ ಗೂಡುಗಳು

ರಾಮನಗರ
9 ಜನವರಿ 2025, ಗುರುವಾರ

ನನ್ನ ಮುದ್ದಿನ ಮಗಳು ಇಕ್ರಾಳಿಗೆ ಅಮ್ಮಿಯ ಸಲಾಂ ಮತ್ತು ದುವಾ.

ನೀನು, ಅಕ್ರಮ್, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಚನ್ನಪಟ್ಟಣವೇನು ದುಬೈಯಲ್ಲ, ಬಸ್ಸು ಹತ್ತಿದರೆ ಅರ್ಧ ಗಂಟೆ. ಹಾಗಿದ್ದೂ ಅಮ್ಮಿ ಯಾಕೆ ಕಾಗದ ಬರೆದಳು ಅಂತ ಹುಬ್ಬೇರಿಸಬೇಡ. ಫೋನು ಮಾಡಿದರೆ ನೀನು ಹೂಂ ಹೂಂ ಅನ್ನುತ್ತೀಯ, ಆ ಕಡೆ ಕುಕ್ಕರ್ ಕೂಗುತ್ತದೆ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ನಾವಿಬ್ಬರೂ ಮಾತಾಡುವುದು ಉರ್ದು, ಬರೆಯಲು ಬರುವುದು ಮಾತ್ರ ಕನ್ನಡ. ನನ್ನ ತವರೂರು ಕಲ್ಯದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ತಿದ್ದಿದ ಅಕ್ಷರ ಇದು, ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಜೇನಿನ ಸುದ್ದಿಯನ್ನು ಎರಡು ತಿಂಗಳ ಹಿಂದೆಯೇ ಬರೆಯಬೇಕಿತ್ತು. ತಡ ಮಾಡಿದ್ದಕ್ಕೆ ಬೈದುಕೋ, ಆಮೇಲೆ ಮುಂದಕ್ಕೆ ಓದು.

ಫೆಬ್ರವರಿಯಲ್ಲಿ ಜೇನು ತರಬೇತಿಯ ಹೊಸ ಬ್ಯಾಚು ಶುರುವಾಗುತ್ತದೆ, ನೀನೂ ಬಾ ಅಂತ ಹೋದ ವಾರ ಕರೆದೆನಲ್ಲ, ಆಗ ನೀನು ಏನಂದೆ ನೆನಪಿದೆಯೇ? "ಅಮ್ಮಿ, ನಾನು ಫೇಲಾದವಳು. ಹೊಸದೇನೂ ನನಗೆ ಬರಲ್ಲ" ಅಂದೆ. ಹನ್ನೊಂದು ವರ್ಷದವಳಿದ್ದಾಗ ವಸತಿ ಶಾಲೆಗೆ ಸೇರಲು ಬರೆದ ಪರೀಕ್ಷೆ ಅದು. ಇಪ್ಪತ್ತೆರಡು ವರ್ಷವಾಯಿತು. ಹೊಲಿಗೆ ಮೆಷಿನ್ ಕಲಿ ಅಂದಾಗಲೂ ಅದೇ ಮಾತು, ಸಂಘದ ಪುಸ್ತಕ ಬರೆದುಕೊಡು ಅಂದಾಗಲೂ ಅದೇ ಮಾತು. ಈ ಕಾಗದ ಆ ಮಾತಿಗೆ ಉತ್ತರ. ಐವತ್ತೈದು ವರ್ಷದ ನಿನ್ನ ಅಮ್ಮಿ ಎಂಥ ದಡ್ಡ ಕೆಲಸ ಮಾಡಿದ್ದಾಳೆ ಅಂತ ಗೊತ್ತಾದರೆ ನಿನಗೆ ಬರುವ ಧೈರ್ಯ ಬರಬಹುದು.

ಶುರುವಿನಿಂದ ಹೇಳುತ್ತೇನೆ. ನಿನ್ನ ಅಬ್ಬಾನ ಉಬ್ಬಸ ಜೋರಾದ ಮೇಲೆ ನಾವು ರೇಷ್ಮೆ ನೂಲು ತೆಗೆಯುವುದನ್ನು ಬಿಟ್ಟದ್ದು ನಿನಗೆ ಗೊತ್ತು. ಚರಕ ನಿಂತ ಮೇಲೆ ಈ ಕೈಗಳಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ನಮ್ಮ ಮಹಿಳಾ ಸಂಘದ ಮೀಟಿಂಗಿಗೆ ಚೈತ್ರಾ ಅಂತ ತೋಟಗಾರಿಕೆ ಇಲಾಖೆಯ ಹುಡುಗಿ ಬಂದು, ಜೇನು ಸಾಕುವುದನ್ನು ಕಲಿಯಲು ಯಾರು ಬರುತ್ತೀರಿ ಅಂದಾಗ ಎಲ್ಲರಿಗಿಂತ ಮೊದಲು ನನ್ನ ಕೈ ಮೇಲೆ ಹೋಯಿತು. ಕಚ್ಚಿದರೆ ಗತಿಯೇನು ಅಂತ ಯಾರೋ ಕೇಳಿದರು. ಮೂವತ್ತೈದು ವರ್ಷ ಕುದಿಯುವ ನೀರಲ್ಲಿ ಬೆರಳಾಡಿಸಿದವಳಿಗೆ ನೊಣದ ಮುಳ್ಳು ಯಾವ ಲೆಕ್ಕ ಅಂತ ನಾನು ಜಂಬ ಕೊಚ್ಚಿದೆ. ಮೊದಲ ದಿನವೇ ಮೂಗಿನ ತುದಿಗೆ ಕಚ್ಚಿತು. ಅಬ್ಬಾ ಎರಡು ದಿನ ನನ್ನ ಮುಖ ನೋಡಿದಾಗಲೆಲ್ಲ ನಕ್ಕು ನಕ್ಕು ಕೆಮ್ಮಿದರು.

ತರಬೇತಿ ನಡೆಯುವುದು ಮರಳವಾಡಿಯ ಹತ್ತಿರ ಅಂಕಯ್ಯ ಅನ್ನುವವರ ತೋಟದಲ್ಲಿ. ಪ್ರತಿ ಶನಿವಾರ ಎರಡು ಬಸ್ಸು ಬದಲಿಸಿ ಹೋಗುತ್ತೇನೆ. ಆಧಾರ್ ಕಾರ್ಡು ತೋರಿಸಿದರೆ ಟಿಕೆಟ್ಟು ಫ್ರೀ. ರೇಷನ್ ಅಂಗಡಿಯ ಯಂತ್ರಕ್ಕೆ ನನ್ನ ಸವೆದ ಬೆರಳಿನ ಗುರುತು ಸಿಗುವುದಿಲ್ಲ, ಪುಣ್ಯಕ್ಕೆ ಕಂಡಕ್ಟರು ಮುಖ ನೋಡಿ ಒಪ್ಪಿಕೊಳ್ಳುತ್ತಾನೆ. ಅಂಕಯ್ಯನವರಿಗೆ ಎಪ್ಪತ್ತರ ಹತ್ತಿರ. ಬದುವಿನ ಉದ್ದಕ್ಕೂ ಮೂವತ್ತು ಜೇನುಪೆಟ್ಟಿಗೆ ಇಟ್ಟಿದ್ದಾರೆ. ಮಾತು ಬಹಳ ಕಮ್ಮಿ. ಆ ಕೊರತೆಯನ್ನು ಅವರ ಹೆಂಡತಿ ಬೋರಮ್ಮ ತುಂಬಿಕೊಡುತ್ತಾರೆ.

ಅಲ್ಲಿ ಪುಸ್ತಕವಿಲ್ಲ, ಬೋರ್ಡಿಲ್ಲ. ಅಂಕಯ್ಯನವರು ಪೆಟ್ಟಿಗೆಯ ಮುಚ್ಚಳ ತೆಗೆದು, "ಬಗ್ಗಿ ನೋಡವ್ವ. ಒಸಿ ಉಸ್ರು ಹಿಡ್ಕೊ, ನಿನ್ನುಸ್ರು ಮೇಲೆ ಬಿದ್ರೆ ಅವುಕ್ಕೆ ಆಗಾಕಿಲ್ಲ" ಅಂದರು. ಬಗ್ಗಿದೆ. ಇಕ್ರಾ, ನನ್ನ ಕೆನ್ನೆಗೆ ಶಾಖ ತಗಲಿತು. ಬಟ್ಟಿಯಿಲ್ಲ, ಸೌದೆಯಿಲ್ಲ, ಅಷ್ಟು ಸಣ್ಣ ಮೈಗಳೆಲ್ಲ ಒತ್ತೊತ್ತಾಗಿ ಕೂತು ಮನೆ ಬೆಚ್ಚಗಿಟ್ಟುಕೊಂಡಿದ್ದವು. ಹೊರಗೆ ಚಳಿಯಿರಲಿ ಬಿಸಿಲಿರಲಿ, ಮರಿಗಳಿರುವ ಜಾಗದಲ್ಲಿ ಶಾಖ ಹೆಚ್ಚುಕಮ್ಮಿ ಆಗುವುದೇ ಇಲ್ಲವಂತೆ. ಗೂಡು ಬೇಯಿಸುವ ಬಾಣಲೆಯ ನೀರನ್ನು ಒಂದೇ ಹದದಲ್ಲಿಡಲು ನಿನ್ನ ಅಬ್ಬಾ ಜೀವಮಾನವೆಲ್ಲ ಒದ್ದಾಡಿದರು. ಆ ದಿನ ಅದನ್ನೇ ಯೋಚಿಸುತ್ತಾ ಬಸ್ಸಿನಲ್ಲಿ ಇಳಿಯುವ ಸ್ಟಾಪು ದಾಟಿ ಹೋದೆ.

ಹೊಸ ಎರಿ, ಅಂದರೆ ಮೇಣದ ಗೂಡು, ಕಟ್ಟುವಾಗ ಅವು ಒಂದರ ಕಾಲನ್ನು ಒಂದು ಹಿಡಿದು ಸರಪಳಿಯ ಹಾಗೆ ಇಳಿಬಿದ್ದು ಸುಮ್ಮನಿರುತ್ತವೆ. ಯಾಕೆ ಹಾಗೆ ಅಂತ ಕೇಳಿದೆ. "ನಂಗೂ ಗೊತ್ತಿಲ್ಲ ಕಣವ್ವ. ನಲ್ವತ್ತು ವರ್ಷದಿಂದ ನೋಡ್ತಾವ್ನಿ" ಅಂದರು. ಗೊತ್ತಿಲ್ಲ ಅನ್ನುವ ಮೇಷ್ಟ್ರನ್ನು ನಾನು ಕಂಡದ್ದು ಅದೇ ಮೊದಲು. ಪ್ರತಿ ಕೋಣೆಗೂ ಆರು ಮೂಲೆ, ಅಳತೆಗೋಲಿಟ್ಟು ಮಾಡಿದ ಹಾಗೆ. ಅದರ ತಳದಲ್ಲಿ ಸಣ್ಣ ದಾರದ ತುಂಡಿನಂತೆ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ. ಜೊತೆಯ ಹೆಂಗಸರಿಗೆ ಎಷ್ಟು ತೋರಿಸಿದರೂ ಅದು ಕಾಣುತ್ತಿರಲಿಲ್ಲ, ರೇಷ್ಮೆ ಎಳೆ ಹಿಡಿದ ನನ್ನ ಕಣ್ಣಿಗೆ ತಕ್ಷಣ ಕಂಡಿತು. ಅಲ್ಲಿಂದ ನನ್ನ ತಲೆಗೆ ಎರಡು ಕೊಂಬು ಬಂದವು.

ಆ ಕೊಂಬಿನಿಂದಲೇ ಕೆಟ್ಟೆ. ನವೆಂಬರಿನಲ್ಲಿ ನನಗೂ ಒಂದು ಪೆಟ್ಟಿಗೆ ಕೊಟ್ಟರು, ತಾರಸಿಯ ಮೇಲೆ ಇಟ್ಟುಕೊಂಡೆ. ಡಿಸೆಂಬರಿನ ಕೊನೆಯ ಭಾನುವಾರ ಒಬ್ಬಳೇ ಅದನ್ನು ತೆರೆದೆ. ನೊಣ ಅರ್ಧಕ್ಕರ್ಧ ಕಮ್ಮಿಯಾದ ಹಾಗಿತ್ತು. ಎರಿ ಕಟ್ಟಿದ ಒಂದು ಫ್ರೇಮು ಎತ್ತಿದರೆ ಕೆಲವು ಕೋಣೆಗಳ ಮುಚ್ಚಳದ ನಡುವೆ ಸೂಜಿ ಚುಚ್ಚಿದಂಥ ತೂತು. ಕೆಳಗಿನ ಅಂಚಿನಲ್ಲಿ ಕಡಲೆಕಾಯಿಯಂಥ ಐದು ಸೊಟ್ಟ ಗೂಡುಗಳು ತಲೆಕೆಳಗಾಗಿ ಜೋತಾಡುತ್ತಿದ್ದವು. ನಾವು ರೇಷ್ಮೆಗೂಡು ಆರಿಸುತ್ತಿದ್ದದ್ದು ನಿನಗೆ ನೆನಪಿರಬೇಕು. ಮೊರದಲ್ಲಿ ಹರಡಿ ಜೋಡಿ ಗೂಡು, ಸೊಟ್ಟ ಗೂಡು, ರೇಷ್ಮೆಹುಳಕ್ಕೆ ಪೀಡೆಯಾದ ಉಜಿ ನೊಣ ತೂತು ಮಾಡಿದ ಗೂಡು, ಎಲ್ಲವನ್ನೂ ತೆಗೆದು ಬಿಸಾಡುತ್ತಿದ್ದೆವು. ತೂತಿದ್ದರೆ ಎಳೆ ಹರಿಯುತ್ತದೆ, ಸೊಟ್ಟ ಗೂಡು ಸೇರಿದರೆ ನೂಲಿನ ಹದ ಕೆಡುತ್ತದೆ. ನನ್ನ ಕಣ್ಣಿಗೆ ಇದೂ ಹಾಗೇ ಕಂಡಿತು. ಉಜಿ ಹೊಡೆದಿದೆ, ಪೆಟ್ಟಿಗೆಗೆಲ್ಲ ಹರಡುವ ಮುಂಚೆ ತೆಗೆದುಬಿಡೋಣ ಅಂತ ಅಡುಗೆಮನೆಯ ಚಾಕು ತಂದು ತೂತಿನ ಭಾಗವನ್ನೂ ಆ ಐದನ್ನೂ ಕೊಯ್ದು ಹಾಕಿದೆ.

ಆಮೇಲೆ ಗೊತ್ತಾಯಿತು, ತೂತಿದ್ದವು ಗಂಡುನೊಣದ ಕೋಣೆಗಳು, ಈ ಜಾತಿಯಲ್ಲಿ ಅವಕ್ಕೆ ತೂತು ಇರುವುದೇ ಸರಿ. ಆ ಸೊಟ್ಟ ಐದು, ರಾಣಿ ಹುಟ್ಟುವ ಕೋಣೆಗಳು. ತೋಟದಲ್ಲಿ ರಾಣಿಯ ಪಾಠ ನಡೆದ ಶನಿವಾರ ನಾನು ಕನಕಪುರದಲ್ಲಿ ಮದುವೆಯ ಬಿರಿಯಾನಿ ತಿನ್ನುತ್ತಿದ್ದೆ. ಹಳೆಯ ರಾಣಿ ವಾರದ ಹಿಂದೆಯೇ ಅರ್ಧ ನೊಣಗಳನ್ನು ಕರೆದುಕೊಂಡು ಬೇರೆ ಜಾಗ ನೋಡಿಕೊಂಡು ಹೋಗಿದ್ದಳು. ಕಟ್ಟಿದ ಮನೆ, ಕೂಡಿಟ್ಟ ತುಪ್ಪ, ಎಲ್ಲವನ್ನೂ ಇನ್ನೂ ಹುಟ್ಟದ ಮಗಳಿಗೆ ಬಿಟ್ಟು ಹೋಗಿದ್ದಳು. ನಮ್ಮಲ್ಲಿ ಮಗಳನ್ನು ಕಳಿಸುತ್ತೇವೆ, ಅವುಗಳಲ್ಲಿ ಅಮ್ಮ ಹೋಗುತ್ತಾಳೆ. ಆ ಮಗಳನ್ನೇ ನಾನು ಕೊಯ್ದು ಬಿಸಾಡಿದ್ದೆ. ಒಂದನ್ನು ಬೆರಳಲ್ಲಿ ಒತ್ತಿ ನೋಡಿದಾಗ ಒಳಗೆ ಕಾಲು ಮೂಡಿದ ಬಿಳಿ ಮೈ ಅಲ್ಲಾಡಿತು. ಲಕ್ಷಾಂತರ ಹುಳ ಬಾಣಲೆಯಲ್ಲಿ ಬೆಂದದ್ದನ್ನು ನೋಡಿದವಳು ನಾನು, ಆದರೂ ಚಾಕುವನ್ನು ಕೆಳಗಿಟ್ಟುಬಿಟ್ಟೆ.

ಮಾರನೆಯ ದಿನದಿಂದ ಪೆಟ್ಟಿಗೆಯ ಸದ್ದು ಬದಲಾಯಿತು. ಅಳುವವರ ಮನೆಯ ಹಾಗೆ ಏರುತ್ತಾ ಇಳಿಯುತ್ತಾ ಒಂದೇ ಸಮನೆ ಮೊರೆಯುತ್ತಿತ್ತು. ನೊಣಗಳು ಬಾಗಿಲಲ್ಲಿ ಅತ್ತಿಂದಿತ್ತ ಓಡುತ್ತಿದ್ದವು. ಆ ಶನಿವಾರ ಅಂಕಯ್ಯನವರೇ ಬಂದು ನೋಡಿ, ರಾಣಿಯಿಲ್ಲ ಅಂತ ಗುರುತು ಹಿಡಿದರು. ಹಳೆಯ ರಾಣಿ ಇಟ್ಟಿದ್ದ ಮೊಟ್ಟೆಗಳೆಲ್ಲ ಅಷ್ಟರಲ್ಲಿ ಬಲಿತುಬಿಟ್ಟಿದ್ದವು, ಹೊಸ ರಾಣಿ ಮಾಡಿಕೊಳ್ಳಲು ಒಂದೂ ಉಳಿದಿರಲಿಲ್ಲ. ಹೀಗೇ ಬಿಟ್ಟರೆ ಒಂದೊಂದಾಗಿ ಮುಗಿಯುತ್ತವೆ ಅಂದರು.

ಭಾನುವಾರ ಮೊದಲ ಬಸ್ಸಿಗೇ ಅವರು ಮತ್ತೆ ಬಂದರು, ತಮ್ಮ ಪೆಟ್ಟಿಗೆಯ ಒಂದು ಫ್ರೇಮನ್ನು ಒದ್ದೆ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು. ಅದರಲ್ಲಿ ಅವತ್ತಿನ, ಹಿಂದಿನ ದಿನದ ಮೊಟ್ಟೆಗಳಿದ್ದವು. ಎಲ್ಲವೂ ಕೆಲಸಗಾರ ನೊಣ ಆಗಬೇಕಾದವು. ಇವುಗಳಲ್ಲೇ ಒಂದನ್ನು ರಾಣಿ ಮಾಡಿಕೊಳ್ಳುತ್ತವೆ ಅಂದರು. ರಾಣಿಯ ಮೊಟ್ಟೆ ಬೇರೆ ಇರುವುದಿಲ್ಲವೇ ಅಂತ ಕೇಳಿದೆ.

"ಮೊಟ್ಟೆಲಿ ಯತ್ಯಾಸ ಇಲ್ಲ ಕಣವ್ವ. ಏನ್ ತಿನ್ಸಿ ಸಾಕ್ತವೆ, ಅದ್ರಲ್ಲಿರಾದು" ಅಂದರು.

ನಾನು ಅಲ್ಲೇ ತಾರಸಿಯ ಮೇಲೆ ಕೂತುಬಿಟ್ಟೆ. ಫ್ರೇಮು ಇಟ್ಟು ಒಂದು ಗಂಟೆಯಾಗುವಷ್ಟರಲ್ಲಿ ಆ ಮೊರೆತ ಇಳಿದು ಹಳೆಯ ಗುಂಯ್ ಸದ್ದು ಬಂತು. ಈ ದಿನ ನಾಲ್ಕನೆಯ ದಿನ. ಬೆಳಿಗ್ಗೆ ತೆರೆದು ನೋಡಿದೆ. ಮೂರು ಮೊಟ್ಟೆಗಳನ್ನು ಆರಿಸಿಕೊಂಡು ಸುತ್ತಲಿನ ಗೋಡೆ ಒಡೆದು ಉದ್ದ ಕೋಣೆ ಕಟ್ಟಲು ಶುರು ಮಾಡಿವೆ. ಇವುಗಳಲ್ಲಿ ಒಬ್ಬಳು ಹುಟ್ಟಬೇಕು, ಗಂಡುನೊಣಗಳನ್ನು ಕೂಡಿ ವಾಪಸು ಬರಬೇಕು, ಮೊಟ್ಟೆ ಇಡಬೇಕು. ಅಷ್ಟಾದರೆ ಪೆಟ್ಟಿಗೆ ಉಳಿಯಿತು. ನೀನೂ ದುವಾ ಮಾಡು.

ಈಗ ಹೇಳು, ಫೇಲಾದವರು ಯಾರು? ಬ್ಯಾಚಿಗೆ ಬರುವ ವಿಚಾರ ಮಾಡು. ಮಕ್ಕಳಿಗೆ ನಾನಿಯ ಮುತ್ತು.

ನಿನ್ನ ಅಮ್ಮಿ,
ಗುಲ್ಜಾರ್ ಬೀ


ರಾಮನಗರ
2 ಫೆಬ್ರವರಿ 2025, ಭಾನುವಾರ

ಪ್ರೀತಿಯ ಇಕ್ರಾ, ನೂರು ವರ್ಷ ಸುಖವಾಗಿರು.

ಕಾಗದ ಸಿಕ್ಕ ದಿನವೇ ನೀನು ಫೋನು ಮಾಡಿದೆ. ಉಜಿ ಅಂದುಕೊಂಡಿರಾ ಅಮ್ಮಿ ಅಂತ ನೀನು ನಕ್ಕ ನಗು ಇನ್ನೂ ಕಿವಿಯಲ್ಲಿದೆ, ಅಷ್ಟು ಚೆನ್ನಾಗಿ ನೀನು ನಕ್ಕು ಎಷ್ಟು ವರ್ಷವಾಯಿತೋ. ಕೊನೆಗೆ ಮಾತ್ರ ಮತ್ತೆ ಅಲ್ಲಿಗೇ ಬಂದೆ. ನೀವು ತಪ್ಪು ಮಾಡಿ ಕಲಿತಿರಿ, ನನಗೆ ಮೊದಲೇ ಗೊತ್ತಾಗಿದೆ ನನ್ನ ಕೈಲಾಗಲ್ಲ ಅಂತ ಅಂದೆ. ಅದಕ್ಕೆ ಉತ್ತರ ಬರೆಯಲು ಕೂತು ಮೂರು ಸಲ ಹಾಳೆ ಹರಿದೆ. ಅದಕ್ಕೇ ಇಷ್ಟು ತಡ. ಮೊದಲು ಪೆಟ್ಟಿಗೆಯ ಸುದ್ದಿ ಹೇಳಿಬಿಡುತ್ತೇನೆ.

ಜನವರಿ ಇಪ್ಪತ್ತು, ಸೋಮವಾರ. ಅಂಕಯ್ಯನವರು, ಬೋರಮ್ಮ ಇಬ್ಬರೂ ಬಂದಿದ್ದರು. ನಿನ್ನ ಅಬ್ಬಾ ತಾರಸಿಯ ಬಾಗಿಲ ಹಿಂದೆ ಕಂಬಳಿ ಹೊದ್ದು ಎರಡು ಕಣ್ಣು ಮಾತ್ರ ಹೊರಗಿಟ್ಟುಕೊಂಡು ನಿಂತಿದ್ದರು. ಬೋರಮ್ಮ ಅವರನ್ನು ನೋಡಿ, "ಗಫಾರಣ್ಣ, ಅದು ನಿಮ್ ಹೆಂಡ್ರುಗಿಂತ ಜೋರಾಗೇನೂ ಕಚ್ಚಾಕಿಲ್ಲ, ಬನ್ನಿ" ಅಂತ ಕರೆದರು. ಅಬ್ಬಾ ಬರಲಿಲ್ಲ.

ಪೆಟ್ಟಿಗೆಗೆ ಕಿವಿಯಿಟ್ಟರೆ ಒಳಗಿನಿಂದ ಸಣ್ಣ ಪೀಪಿಯಂಥ ಕೂಗು ಕೇಳುತ್ತಿತ್ತು. ಅದು ಇನ್ನೂ ಹುಟ್ಟದ ರಾಣಿಯ ಕೂಗು ಅಂದರು ಅಂಕಯ್ಯ. ಇಕ್ರಾ, ನಾನು ಇನ್ನೊಂದು ಸಲ ಕಿವಿಯಿಟ್ಟೆ. ಫ್ರೇಮು ಎತ್ತಿದೆವು. ಕೋಣೆಯ ತುದಿಯ ಮೇಣವನ್ನು ಕೆಲಸಗಾರ ನೊಣಗಳು ಕೆರೆದು ತೆಗೆದಿದ್ದವು, ಕೆಳಗೆ ಕಂದು ಬಣ್ಣದ ನುಣುಪಾದ ಪದರ ಕಾಣುತ್ತಿತ್ತು. ನನ್ನ ಬೆರಳಿಗೆ ಮುಟ್ಟದೆಯೇ ಗೊತ್ತಾಯಿತು ಅದು ಏನು ಅಂತ. ಆ ಪದರವನ್ನು ಅವಳು ಒಳಗಿನಿಂದ ದುಂಡಗೆ ಕತ್ತರಿಸುತ್ತಾ ಬಂದಳು. ಮುಚ್ಚಳ ಒಂದು ಕಡೆ ಅಂಟಿಕೊಂಡು ತೆರೆಯಿತು. ಉದ್ದನೆಯ ಮೈ, ಒದ್ದೆ ರೆಕ್ಕೆ, ಆತುರವಿಲ್ಲದ ನಡಿಗೆ. ಅವಳು ಹೋದ ಕಡೆಯೆಲ್ಲ ನೊಣಗಳು ಸರಿದು ದಾರಿ ಬಿಟ್ಟವು. ಉಸಿರು ಹಿಡಿದುಕೊಳ್ಳಲು ಈ ಸಲ ಯಾರೂ ನನಗೆ ಹೇಳಬೇಕಾಗಲಿಲ್ಲ.

ಆಮೇಲೆ ಅವಳು ನೆಟ್ಟಗೆ ಹೋದದ್ದು ಉಳಿದ ಎರಡು ಕೋಣೆಗಳ ಹತ್ತಿರ. ಪಕ್ಕದಿಂದ ಕೊರೆದು ಅಕ್ಕತಂಗಿಯರನ್ನು ಹುಟ್ಟುವ ಮೊದಲೇ ಮುಗಿಸಿದಳು. ಬೋರಮ್ಮ ಬೇರೆ ಕಡೆ ತಿರುಗಿಕೊಂಡರು. ನಾನು ಕಣ್ಣು ಮುಚ್ಚದೆ ನೋಡಿದೆ. ಹೆದರಿಕೆಯಾಯಿತು, ಆದರೂ ನೋಡಿದೆ.

ಅವಳು ಹುಟ್ಟಿದ ಖಾಲಿ ಕೋಣೆಯನ್ನು ಬಿಸಿನೀರಿಗೆ ಹಾಕಿದೆ. ಮೇಣ ಕರಗಿ ಹೋಗಿ ಆ ತೆಳು ಪದರ ಬಟ್ಟಲಲ್ಲಿ ಉಳಿಯಿತು. ಮೂವತ್ತೈದು ವರ್ಷದ ಅಭ್ಯಾಸದಲ್ಲಿ ಎಳೆಯ ತುದಿ ಹುಡುಕಿದೆ. ಅದು ಒಂದಕ್ಕೊಂದು ಅಂಟಿಕೊಂಡಿತ್ತು, ಎಳೆ ಬಿಡಲಿಲ್ಲ. ಅಬ್ಬಾನ ಅಂಗೈಗೆ ಹಾಕಿದೆ. ಮಾರ್ಕೆಟ್ಟಿನಲ್ಲಿ ಗೂಡು ಮುಟ್ಟಿಯೇ ಅದು ಬಂದ ಊರು ಹೇಳುತ್ತಿದ್ದವರು ಅವರು. ಹೆಬ್ಬೆರಳಲ್ಲಿ ತಿಕ್ಕಿ ನೋಡಿ, ಇದು ರೇಷ್ಮೆಯೇ ಗುಲ್ಜಾರ್ ಅಂದರು. ಪೆಟ್ಟಿಗೆಯ ಮರಿಗಳೆಲ್ಲ ಇದನ್ನೇ ಸುತ್ತಿಕೊಂಡು ಮಲಗುತ್ತವೆ ಅಂತ ಹೇಳಿದೆ. ಅವತ್ತಿನಿಂದ ಕಂಬಳಿ ಹೋಯಿತು, ದಿನಾ ಬೆಳಿಗ್ಗೆ ನನಗಿಂತ ಮೊದಲು ಅವರೇ ತಾರಸಿಯಲ್ಲಿರುತ್ತಾರೆ.

ವಾರವಾದ ಮೇಲೆ ಒಂದು ಮಧ್ಯಾಹ್ನ ಅವಳು ಗಂಡುನೊಣಗಳನ್ನು ಕೂಡಲು ಹಾರಿ ಹೋದಳು. ನಮ್ಮ ಬೀದಿಯ ಕರೆಂಟು ತಂತಿಯ ಮೇಲೆ ನೊಣ ಹಿಡಿಯುವ ಹಸಿರು ಹಕ್ಕಿಗಳು ಸಾಲಾಗಿ ಕೂತಿರುತ್ತವೆ. ಒಂದು ಹಕ್ಕಿಯ ಬಾಯಿಗೆ ಬಿದ್ದರೆ ಎಲ್ಲ ಮುಗಿಯಿತು. ಅಬ್ಬಾ ಉಬ್ಬಸ ಮರೆತು ಟವೆಲು ಬೀಸುತ್ತಾ ತಾರಸಿಯ ಈ ತುದಿಯಿಂದ ಆ ತುದಿಗೆ ಓಡಿದರು. ಕೆಳಗೆ ಮಕ್ಕಳು ಗಾಳಿಪಟ ಸಿಕ್ಕಿದೆ ಅಂದುಕೊಂಡು ಕೂಗುತ್ತಿದ್ದರು. ಕಾಲು ಗಂಟೆ ಕಳೆದು ಅವಳು ವಾಪಸು ಬಂದು ಬಾಗಿಲಲ್ಲಿ ಇಳಿದಳು. ಮೊನ್ನೆ ಶುಕ್ರವಾರ ಫ್ರೇಮು ಎತ್ತಿ ಬಿಸಿಲಿಗೆ ಹಿಡಿದೆ. ಕೋಣೆಗೊಂದು ಮೊಟ್ಟೆ, ನೆಟ್ಟಗೆ ನಿಂತಿದ್ದವು. ನಾನು ಅತ್ತುಬಿಟ್ಟೆ, ಇಕ್ರಾ. ಅದೇ ಮೊಟ್ಟೆ, ಅದೇ ಸಾಮಾನ್ಯ ಮೊಟ್ಟೆಯಿಂದ ಬಂದವಳು ಅವಳು.

ಹಿಂದಿನ ಕಾಗದದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಕೊಯ್ದು ಎರಡು ದಿನವಾದ ಮೇಲೆ, ಮಂಗಳವಾರ, ಅಂಕಯ್ಯನವರು ಫೋನು ಮಾಡಿ ಪೆಟ್ಟಿಗೆ ಹೆಂಗೈತೆ ಅಂತ ಕೇಳಿದ್ದರು. ಆ ಮೊರೆತ ಕೇಳುತ್ತಾ ಪಕ್ಕದಲ್ಲೇ ನಿಂತು, ಎಲ್ಲ ಚೆನ್ನಾಗಿದೆ ಅಂದೆ. ಶನಿವಾರ ಅವರು ಬಂದು ಏನಾಯ್ತು ಅಂದಾಗ, ಗೊತ್ತಿಲ್ಲ, ಹಲ್ಲಿ ತಿಂದಿರಬೇಕು ಅಂದೆ. ಅವರು ಎರಿಯ ಅಂಚಿನ ಮೇಲೆ ಬೆರಳಾಡಿಸಿ, ಹಲ್ಲಿ ಚಾಕು ಹಿಡಿಯಾಕಿಲ್ಲ ಕಣವ್ವ ಅಂದರು. ಬೈಯಲಿಲ್ಲ. ಮುಚ್ಚಳ ಮುಚ್ಚಿ, ಕೈ ಒರೆಸಿಕೊಂಡು ಒಂದೇ ಮಾತು ಹೇಳಿದರು.

"ತಪ್ಪು ಎಲ್ಲಾರೂ ಮಾಡ್ತರೆ. ನಾ ಕೊಯ್ದೆ ಅಂತ ಅವತ್ತೇ ಒಂದ್ ಮಾತಂದಿದ್ರೆ, ಈ ನೊಣ ಆರ್ ದಿನ ಇಲ್ದಿರೋಳ್ನ ಹುಡುಕ್ತಿರ್ಲಿಲ್ಲ."

ಆರು ದಿನಕ್ಕೆ ಆ ಮನುಷ್ಯ ಅಷ್ಟು ಮರುಗಿದರು. ಅಲ್ಲಿಂದ ಇಲ್ಲಿಯವರೆಗೆ ಒಲೆಯ ಮುಂದೆ, ನಮಾಜಿನಲ್ಲಿ, ಬಸ್ಸಿನಲ್ಲಿ, ಎಲ್ಲೇ ಇದ್ದರೂ ಆ ಮಾತು ನನ್ನ ಜೊತೆಗೇ ಬರುತ್ತಿದೆ.

ಹೊಸ ಬ್ಯಾಚು ಎಂಟನೇ ತಾರೀಕು ಶುರು. ಚೈತ್ರಾ ನಿನ್ನ ಹೆಸರಿಗೆ ಒಂದು ಅರ್ಜಿ ತೆಗೆದಿಟ್ಟಿದ್ದಾಳೆ. ಬರುವುದೂ ಬಿಡುವುದೂ ನಿನಗೆ ಸೇರಿದ್ದು, ನಾನು ಬಲವಂತ ಮಾಡುವುದಿಲ್ಲ. ಅಕ್ರಮ್‌ಗೆ ಸಲಾಂ ಹೇಳು. ಅಲ್ಲಾಹ್ ನಿನ್ನ ಮನೆಯನ್ನು ಬೆಚ್ಚಗಿಡಲಿ, ನಿನ್ನ ಮಕ್ಕಳ ಕೈಯಲ್ಲಿ ಬರಕತ್ ಕೊಡಲಿ, ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ ಅಮ್ಮಿ,
ಗುಲ್ಜಾರ್ ಬೀ

ತಾ.ಕ.: ಹಾಳೆ ಹರಿದದ್ದು ಇದನ್ನು ಬರೆಯಲಾಗದೆ. ನೀನು ಆ ಪರೀಕ್ಷೆಯಲ್ಲಿ ಫೇಲಾಗಿರಲಿಲ್ಲ. ಜೂನ್ ತಿಂಗಳಲ್ಲಿ ಪೋಸ್ಟಿನಲ್ಲಿ ಕಾಗದ ಬಂದಿತ್ತು, ನಾನೇ ಓದಿದೆ. ನಮ್ಮ ತಾಲ್ಲೂಕಿನಿಂದ ತೆಗೆದುಕೊಂಡ ಹುಡುಗಿಯರಲ್ಲಿ ನಿನ್ನ ಹೆಸರು ಎರಡನೆಯದು. ಹತ್ತು ದಿನದೊಳಗೆ ಬಂದು ಸೇರಬೇಕು ಅಂತ ಬರೆದಿತ್ತು. ಆಗ ಚರಕ ತಿರುಗಿಸುತ್ತಿದ್ದವಳು ನೀನು, ನೀನು ಹೋದರೆ ತಿರುಗಿಸಲು ಬೇರೆ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ಇತ್ತೇನೋ ಅಂತ ಹುಡುಕಿದೆ, ಇರಲಿಲ್ಲ. ಕಾಗದವನ್ನು ಬಟ್ಟಿಯ ಬೆಂಕಿಗೆ ಹಾಕಿದೆ. ಪರೀಕ್ಷೆಗೆ ಕರೆದುಕೊಂಡು ಹೋಗಿದ್ದ ಅನಂತರಾಜು ಮೇಷ್ಟ್ರಿಗೆ ಅಷ್ಟರಲ್ಲಿ ವರ್ಗವಾಗಿತ್ತು, ಕೇಳುವವರು ಯಾರೂ ಬರಲಿಲ್ಲ. ಅಬ್ಬಾಗೆ ಇವತ್ತಿಗೂ ಗೊತ್ತಿಲ್ಲ. ಫೇಲಂತೆ ಅಂತ ನಾನು ಹೇಳಿದ ಮೇಲೆ ನೀನು ಮೂರು ದಿನ ಗೋಡೆಗೆ ಮುಖ ಮಾಡಿಕೊಂಡು ಮಲಗಿದ್ದೆ. ನಾನು ನಿನ್ನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹೋಗಲಿ ಬಿಡು ಬೇಟಿ, ಅಮ್ಮಿ ಇದ್ದೀನಲ್ಲ ಅಂದೆ. ನೀನು ತಿರುಗಿ ನನ್ನನ್ನೇ ತಬ್ಬಿಕೊಂಡು ನಿದ್ದೆ ಹೋದೆ.